ಹೆಸರಿಲ್ಲದ ಜಪಾನಿ ಗಿಟಾರಿಗೆ ಹೆಸರು ಹಾಕಿಸಿದ್ದು

"ಈ ಗಿಟಾರಿನ ಕುಲಗೋತ್ರ ಪತ್ತೆ ಹಚ್ಚದಿದ್ರೆ ನನ್ನ ಮೇಷ್ಟ್ರು ಅಂತಾನೇ ಕರೀಬೇಡ!" ಮಧುಗಿರಿಯ ಹೈಸ್ಕೂಲು ಮೇಷ್ಟ್ರು ಓಬಳರಾಜು ಮುದ್ದೆ ಮುರಿಯುತ್ತಾ ಘೋಷಿಸಿಯೇಬಿಟ್ಟರು.

"ಮೊದ್ಲು ಸಾರು ಹಾಕ್ಕಳಿ, ಆರೋಗ್ತೈತೆ," ಅಂದಳು ಹೆಂಡತಿ ವರಲಕ್ಷ್ಮಿ.

ಗಿಟಾರು ಬಂದು ವಾರವಾಗಿತ್ತು. ಅರವತ್ತರ ದಶಕದ್ದು, ಜಪಾನಿನದ್ದು, ಅದರಲ್ಲೂ ಕರೆಂಟಿನದ್ದು! ಮುಂಬೈನ ಹಳೇ ಸಾಮಾನಿನ ವ್ಯಾಪಾರಿಯೊಬ್ಬ ಕೊರಿಯರ್‌ನಲ್ಲಿ ಕಳಿಸಿದ್ದ. ಆರು ತಂತಿ, ನಾಲ್ಕು ಸ್ವಿಚ್ಚು, ತಂತಿಗಳ ಕೆಳಗೆ ಪಳಪಳ ಹೊಳೆಯುವ ಸ್ಟೀಲ್ ತಗಡು. ಎಲ್ಲಾ ಇತ್ತು. ಹೆಸರೊಂದೇ ಇರಲಿಲ್ಲ! ತಲೆಯ ಮೇಲೆ ಬ್ರ್ಯಾಂಡಿನ ಹೆಸರಿದ್ದ ಜಾಗದಲ್ಲಿ ಎರಡು ತೂತು ಉಳಿದಿದ್ದವು.

ಮೇಷ್ಟ್ರ ಸಂಕಟಕ್ಕೆ ಕಾರಣವಿತ್ತು. ತುಮಕೂರಿನ ರಂಗೇಶ್ ಅಂತ ಒಬ್ಬರು, ಹಳೇ ವಾದ್ಯಗಳ ಸಂಗ್ರಹ ಮಾಡುವವರು, ಭಾನುವಾರ ಮನೆಗೇ ಬಂದು ನೋಡುತ್ತೇನೆ ಅಂದಿದ್ದರು. ಅವರು ಒಪ್ಪಿದರೆ ತುಮಕೂರಿನಲ್ಲಿ ಅವರೇ ನಡೆಸುವ ಹಳೇ ವಾದ್ಯಗಳ ಪ್ರದರ್ಶನದಲ್ಲಿ ಗಿಟಾರಿಗೆ ಜಾಗ, ಮೇಷ್ಟ್ರಿಗೆ ಮೈಕು! ಅರ್ಧ ಗಂಟೆ ಭಾಷಣ! ಸ್ಟಾಫ್ ರೂಮಿನಲ್ಲಿ ಇವರು "ಜಪಾನು" ಅನ್ನುವಷ್ಟರಲ್ಲಿ ಎಲ್ಲರಿಗೂ ಅರ್ಜೆಂಟು ಕೆಲಸ ನೆನಪಾಗುತ್ತಿತ್ತು. ಇಪ್ಪತ್ತು ವರ್ಷದಿಂದ ಇವರು ಹೇಳುವ ಗಿಟಾರುಗಳ ಇತಿಹಾಸ ಕೇಳುವ ಒಂದು ನರಪಿಳ್ಳೆಯೂ ಸಿಕ್ಕಿರಲಿಲ್ಲ ಪಾಪ.

ಸಿಕ್ಕಿದ್ದು ವರಲಕ್ಷ್ಮಿಯ ಕಿವಿ ಮಾತ್ರ.

"ನೋಡೇ, ಟೈಸ್ಕೊ ಕಂಪನಿ ಶುರುವಾಗಿದ್ದು ನಲವತ್ತಾರರಲ್ಲಿ. ಅರವತ್ತೇಳರಲ್ಲಿ ಅದನ್ನ ಕವಾಯಿಯೋರು ಕೊಂಡ್ಕೊಂಡ್ರು. ಗುಯಾಟೋನ್ ಅಂತ ಇನ್ನೊಂದು. ಇಬಾನೆಜ್ ಅನ್ನೋದು ಸ್ಪೇನಿನ ಹೆಸರು, ಗಿಟಾರು ಮಾತ್ರ ಜಪಾನಿಂದು!"

"ಅಯ್ಯೋ, ಹೆಸರೊಂದ್ ಕಡೆ, ಊರೊಂದ್ ಕಡೇನಾ?"

"ಅದೇ ಕಣೆ ಮಜಾ! ಗಿಟಾರು ಮಾಡೋರು ಜಪಾನಿನೋರು. ಅಮೆರಿಕಾಕ್ಕೆ ಆಮದು ಮಾಡ್ಕೊಂಡೋರು ತಂತಮ್ಮ ಹೆಸರು ಹಾಕಿ ಮಾರೋರು. ಒಂದೇ ಗಿಟಾರಿಗೆ ಹತ್ತು ಹೆಸರು! ಇದಕ್ಕೂ ಒಂದು ಹೆಸರಿದ್ದಿದ್ರೆ ನನ್ ಮಾನ ಉಳೀತಿತ್ತು. ಹೆಸರಿಲ್ದಿದ್ರೆ ಬರೀ ಸೌದೆ!"

ಹೇಳುತ್ತಾ ಹೇಳುತ್ತಾ ಮೇಷ್ಟ್ರ ಕಣ್ಣು ನಿಜವಾಗಿ ಒದ್ದೆಯಾಯಿತು. ಮುದ್ದೆ ಅರ್ಧಕ್ಕೇ ಉಳಿಯಿತು. ವರಲಕ್ಷ್ಮಿಗೆ ಕರುಳು ಚುರುಕ್ ಅಂದಿತು.

ಶನಿವಾರ ಮೇಷ್ಟ್ರು ಬೆಳಗಿನ ಸ್ಕೂಲು ಮುಗಿಸಿ ಬಂದರೆ ಗಿಟಾರಿಲ್ಲ! ಮಂಚದ ಕೆಳಗೆ ತೂರಿದರು, ಅಟ್ಟ ಹತ್ತಿದರು, ರಾಗಿ ಡ್ರಮ್ಮಿನೊಳಗೂ ಇಣುಕಿದರು. ಅಷ್ಟರಲ್ಲಿ ಬಾಗಿಲಲ್ಲಿ ಆಟೋ ನಿಂತಿತು. ವರಲಕ್ಷ್ಮಿ ಇಳಿದಳು. ಹಳೇ ಸೀರೆಯಲ್ಲಿ ಸುತ್ತಿದ ಗಿಟಾರು ಅವಳ ಕಂಕುಳಲ್ಲಿ, ಮುಖದ ತುಂಬಾ ನಗು.

"ಎಲ್ಲಿಗೇ ಹೊತ್ಕೊಂಡು ಹೋಗಿದ್ದೆ?"

"ಮುದ್ದಣ್ಣನ ಪಾತ್ರೆ ಅಂಗಡೀಗೆ. ಹೆಸರಿಲ್ಲ ಹೆಸರಿಲ್ಲ ಅಂತ ಊಟಾನೇ ಬುಟ್ಟಿದ್ರಲ್ಲ? ಹಾಕಿಸ್ಕೊಂಡ್ ಬಂದ್ಬುಟ್ಟೆ!"

ಸೀರೆ ಜಾರಿತು. ಚೊಂಬು, ತಟ್ಟೆ, ಕೊಳಗದ ಮೇಲೆ ಹೆಸರು ಕೊರೆಯುವ ಅದೇ ಮಿಷನ್ನಿನಲ್ಲಿ, ಹೊಳೆಯುವ ತಗಡಿನ ಮೇಲೆ, ಗುಡಿಸು ದೀರ್ಘ ಒಂದೂ ತಪ್ಪದಂತೆ ಕೊರೆದಿತ್ತು: "ಶ್ರೀಮತಿ ವರಲಕ್ಷ್ಮಿ, ಮಿಡಿಗೇಶಿ". ಆ ಕಡೆ ಈ ಕಡೆ ಒಂದೊಂದು ಹೂವು ಬೇರೆ!

ಮೇಷ್ಟ್ರು ಗಿಟಾರು ಕಿತ್ತುಕೊಂಡು ಅಕ್ಷರಗಳನ್ನು ಬೆರಳಲ್ಲಿ ಉಜ್ಜಿ ನೋಡಿದರು. "ಅರವತ್ತು ವರ್ಷ ದೇಶ ದೇಶ ಸುತ್ತಿ ಒಂದು ಗೀರೂ ಇಲ್ದೆ ಬಂದಿತ್ತಲ್ಲೇ! ಹೋಗ್ಲಿ, ಮಿಡಿಗೇಶಿ ಯಾಕೆ? ನಾವಿರೋದು ಮಧುಗಿರೀಲಿ!"

"ನನ್ ಪಾತ್ರೆಗೆಲ್ಲಾ ತವರೂರೇ ಅಲ್ವಾ ಇರೋದು? ಇದಕ್ಕೊಂದಕ್ಕೆ ಬೇರೆ ಮಾಡಕಾಯ್ತದಾ?"

ಅವತ್ತು ಸಂಜೆಯೆಲ್ಲಾ ಮೇಷ್ಟ್ರು ಹುಣಸೆಹಣ್ಣು ಹಾಕಿ ತಿಕ್ಕಿದರು. ಪಾತ್ರೆ ಪುಡಿ ಹಾಕಿ ತಿಕ್ಕಿದರು. ತಿಕ್ಕಿದಷ್ಟೂ ಶ್ರೀಮತಿ ಝಗಝಗ ಅಂದಳು!

ಭಾನುವಾರ ರಂಗೇಶ್ ಬಂದೇ ಬಂದರು. ಮೇಷ್ಟ್ರು ಗಿಟಾರಿಗೆ ಟವೆಲ್ ಹೊದಿಸಿ ಕುತ್ತಿಗೆಯಷ್ಟೇ ತೋರಿಸಿದರು. "ಥಂಡಿ ಸಾರ್, ಹಳೇ ಮರ ನೋಡಿ," ಅಂದರು. ರಂಗೇಶ್ ಕೇಳಬೇಕಲ್ಲ, ಸರಕ್ಕನೆ ಟವೆಲ್ ಎಳೆದೇಬಿಟ್ಟರು. ಕನ್ನಡಕ ಏರಿಸಿದರು. ಓದಿದರು. ಮತ್ತೆ ಓದಿದರು.

"ಈ ಬ್ರ್ಯಾಂಡು ನಾನೆಲ್ಲೂ ಕಂಡಿಲ್ವಲ್ರೀ! ಆಮದು ಮಾಡ್ಕೊಂಡೋರು ಯಾರು?"

"ಸಾರ್... ಅದು... ಅಂದ್ರೆ..." ಮೇಷ್ಟ್ರು ಮತ್ತೆ ಟವೆಲ್ಲಿಗೆ ಕೈ ಹಾಕಿದರು.

"ನಾನೇ ಸಾರ್," ಅಂತ ವರಲಕ್ಷ್ಮಿ ಕಾಫಿ ತಂದಿಟ್ಟಳು. "ಇವ್ರು ಸ್ಕೂಲಿಗೋಗಿದ್ರು. ಕೊರಿಯರ್‌ನೋನತ್ರ ಸೈನ್ ಹಾಕಿ ಒಳಗೆ ತಕ್ಕೊಂಡೋಳು ನಾನು. ಆಮದು ಮಾಡ್ಕೊಂಡೋರ ಹೆಸರೇ ಹಾಕೋದಂತೆ, ಅಮೆರಿಕಾದಲ್ಲೂ ಇಂಗೇಯಂತೆ." ಅಷ್ಟಕ್ಕೇ ನಿಲ್ಲಿಸಿದಳೇ? ಟೈಸ್ಕೊ, ಕವಾಯಿ, ಗುಯಾಟೋನ್, ಸ್ಪೇನಿನ ಹೆಸರು, ಇಸವಿ ಸಮೇತ ಗಡಗಡ ಒಪ್ಪಿಸಿಬಿಟ್ಟಳು!

ರಂಗೇಶ್ ನಕ್ಕ ರಭಸಕ್ಕೆ ಕಾಫಿ ಪ್ಯಾಂಟಿನ ಮೇಲೆ ಬಿತ್ತು. "ಜಪಾನಿನ ಗಿಟಾರುಗಳ ಇಡೀ ಕಥೆ ಈ ತಗಡಲ್ಲೇ ಇದೆಯಲ್ರೀ! ಪ್ರದರ್ಶನಕ್ಕೆ ಇದು ಬರಲೇಬೇಕು. ಭಾಷಣ ಅಮ್ಮಾವ್ರದ್ದೇ!"

ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. "ಹಂಗಾದ್ರೆ... ನಾನು?"

"ನೀವೂ ಬನ್ನಿ ಮತ್ತೆ," ಅಂದಳು ವರಲಕ್ಷ್ಮಿ. "ಬಸ್ಸಲ್ಲಿ ಅದನ್ನ ತೊಡೆ ಮೇಲೆ ಹುಷಾರಾಗಿ ಇಟ್ಕೊಳ್ಳಿ. ನನ್ ಹೆಸರಿರೋ ಸಾಮಾನು, ಎಲ್ಲಾದ್ರೂ ಬುಟ್ ಗಿಟ್ ಬಂದೀರಾ!"