ರೇಡಿಯಂ ವಾರ್ಡಿನ ಸವಾಲ್-ಜವಾಬು

ಕ್ಯಾನ್ಸರ್ ವಾರ್ಡಿನಲ್ಲಿ ನಗೋದೆಂಥದು ಅಂತೀರಾ? ನಲವತ್ತರ ದಶಕದಲ್ಲಿ ನಮ್ಮ ಕೋಲಾರದ ಆಸ್ಪತ್ರೆಗೆ ಗಡ್ಡೆ ಕರಗಿಸೋ ರೇಡಿಯಂ ಬಂದ ಹೊಸದರಲ್ಲಿ ನೀವು ನೋಡಬೇಕಿತ್ತು! ನಾನಲ್ಲಿ ನರ್ಸು. ಡಾಕ್ಟರು ಮಂಗಳೂರಿನ ಕಡೆಯವರು. ನಮ್ಮ ಜನರ ತೆಲುಗು ಬೆರೆತ ಮಾತು ಅವರಿಗೆ ಅರ್ಧವೂ ತಿಳಿಯದು. ರೇಡಿಯಂ ಇಟ್ಟರೆ ಏನೇನಾಗುತ್ತೆ ಅಂತ ಅವರು ವಿವರಿಸುವಾಗ ನಾನು ಮಧ್ಯೆ ನಿಲ್ಲಲೇಬೇಕು. ದಿನಾ ಏನಾದರೊಂದು ಪೇಚಾಟ!

ಅರ್ಧ ಮೀಸೆ

ಮಾಲೂರು ಕಡೆಯ ಪಟೇಲರೊಬ್ಬರಿಗೆ ಬಲಗೆನ್ನೆಯಲ್ಲಿ ಗಡ್ಡೆ. "ಚರ್ಮ ಕೆಂಪಾಗಿ ಉರಿಯಬಹುದು, ಆ ಕಡೆ ಮೀಸೆ ಉದುರಬಹುದು" ಅಂದರು ಡಾಕ್ಟರು. ಉರಿಗೆ ಜಗ್ಗದ ಪಟೇಲರು ಮೀಸೆ ಅಂದ ಕೂಡಲೇ ಎದ್ದು ಕೂತರು.

"ಆ ಕಡೆ ಮಾತ್ರಾನಾ?"

"ಹೌದು, ಇಟ್ಟ ಕಡೆ ಮಾತ್ರ."

ಪಟೇಲರು ಎಡಗೆನ್ನೆ ತಿರುಗಿಸಿದರು. "ಹಂಗಾರೆ ಈ ಕಡೆಗೂ ಒಸಿ ಇಟ್ಬಿಡಿ ಸ್ವಾಮಿ. ಅರ್ಧ ಮೀಸೇಲಿ ಪಂಚಾಯ್ತಿ ಮಾಡಕ್ಕಾಗಲ್ಲ!"

ಆತುರವಿಲ್ಲದ ಗಂಡ

ಶ್ರೀನಿವಾಸಪುರದ ಹೆಂಗಸೊಬ್ಬರಿಗೆ ರೇಡಿಯಂ ಇಟ್ಟ ಮೇಲೆ ನಾಲಿಗೆಯ ರುಚಿಯೇ ಹೋಗಿತ್ತು. ಆಸ್ಪತ್ರೆ ಹಿಂದೆ ಮೂರು ಕಲ್ಲಿಟ್ಟು ಅಡುಗೆ ಮಾಡುತ್ತಿದ್ದ ಗಂಡ ಗಾಬರಿಯಲ್ಲಿ ಓಡಿ ಬಂದ. "ರುಚಿ ವಾಪಸ್ ಬರ್ತದಾ ಸ್ವಾಮಿ?"

"ಖಂಡಿತ. ಸ್ವಲ್ಪ ನಿಧಾನ ಆಗಬಹುದು."

ಗಂಡನ ಮುಖ ಅರಳಿತು. "ನಿಧಾನಕ್ಕೇ ಬರ್ಲಿ ಬಿಡಿ. ನಾನು ಮಾಡಿದ ಸಾರನ್ನ ಇವಳು ಬೈಯದೆ ಉಂಡಿದ್ದು ಇದೇ ಮೊದಲು!"

ಏಮೀ ಲೇದು

ಆವನಿಯ ಅಜ್ಜಿಗೆ ಗಂಟಲಲ್ಲಿ ಗಡ್ಡೆ. ರೇಡಿಯಂ ಇಟ್ಟ ಮೇಲೆ ಡಾಕ್ಟರು ಏನು ಕೇಳಿದರೂ, "ಏಮೀ ಲೇದು ನಾಯ್ನಾ, ಏನೂ ಇಲ್ಲ." ಅಜ್ಜಿ ಮಾತ್ರ ದಿನದಿನಕ್ಕೆ ಸೊರಗುತ್ತಿದ್ದರು. ಒಂದು ಮಧ್ಯಾಹ್ನ ನೋಡುತ್ತೇನೆ, ಮುದ್ದೆಯನ್ನು ಪಕ್ಕದ ಮಂಚದವಳ ತಟ್ಟೆಗೆ ಜಾರಿಸುತ್ತಿದ್ದಾರೆ! ಓಡಿಹೋಗಿ ಕೇಳಿದೆ.

"ಯಾಕಜ್ಜಿ?"

"ನುಂಗಕ್ಕಾಗಲ್ಲ ಕಣಮ್ಮ. ಹೇಳಿದ್ರೆ ಔಷಧ ನಿಲ್ಸಿಬಿಟ್ರೆ? ಪಾಪ, ಡಾಕ್ಟ್ರು ಬೇರೆ ನೊಂದ್ಕೊತಾರೆ."

"ಹೇಳದಿದ್ರೇನೇ ಕಷ್ಟ. ಏನೇನಾಗ್ತಿದೆಯೋ, ಒಂದೂ ಬಿಡದೆ ಹೇಳ್ಬೇಕು!"

ಮಾರನೆಯ ಬೆಳಿಗ್ಗೆ ಡಾಕ್ಟರು ಕೇಳಿದ್ದೇ ತಡ, ಅಜ್ಜಿ ಶುರು ಹಚ್ಚಿದರು. "ಗಂಟಲು ಮಂಟ ನಾಯ್ನಾ, ಬೆಂಕಿ ಬೆಂಕಿ. ಬಾಯಿ ಒಣಗ್ತದೆ. ಮೈಯಾಗೆ ಸತ್ವ ಇಲ್ಲ." ಡಾಕ್ಟರು ಖುಷಿಯಾಗಿ ಗಂಟಲಿಗೆ ಔಷಧ ಬರೆದು, ಮುದ್ದೆ ಬದಲು ತೆಳ್ಳಗೆ ಗಂಜಿ ಕೊಡಿ ಅಂದರು. ಅಜ್ಜಿ ಅಲ್ಲಿಗೇ ನಿಲ್ಲಿಸಿದರೆ ತಾನೇ! "ಮಂಡಿ ಹಿಡ್ಕೊಂಡದೆ. ಸೊಸೆ ಮಾತಾಡ್ಸಲ್ಲ. ಎಮ್ಮೆ ಹಾಲು ಕರೆಯಕ್ಕೆ ಬಿಡಲ್ಲ. ಅಳಿಯ ಮಾತೆತ್ತಿದ್ರೆ ಮುನಿಸ್ಕೊತಾನೆ..."

ಡಾಕ್ಟರು ಸ್ಟೂಲೆಳೆದು ಕೂತೇಬಿಟ್ಟರು. "ಅಜ್ಜೀ, ಇದರಲ್ಲಿ ರೇಡಿಯಂನಿಂದ ಆಗಿದ್ದು ಯಾವುದು?"

ಅಜ್ಜಿ ಅವರನ್ನು ಕನಿಕರದಿಂದ ನೋಡಿದರು. "ಅದನ್ನೂ ನಾನೇ ಹೇಳಂಗಿದ್ರೆ, ನೀನ್ಯಾಕಪ್ಪಾ ಅಷ್ಟು ಓದಿದ್ದು?"