ಮಾವನವರ ಸದ್ದಡಗಿಸುವ ಉದ್ಯೋಗ

ನಮ್ಮ ಮಾವನವರು ತಲೆಗೂದಲು ನರೆಯುವವರೆಗೂ ಸರಕಾರಿ ನೌಕರಿಯಲ್ಲಿದ್ದು ಮಾಡಿದ ಕೆಲಸ ಒಂದೇ: ಸದ್ದಡಗಿಸುವುದು. ಇದನ್ನು ಹೇಳಿದರೆ ಸಿ.ವಿ. ರಾಮನ್ ನಗರದ ನಮ್ಮ ಬೀದಿಯಲ್ಲಿ ಒಬ್ಬರೂ ನಂಬುವುದಿಲ್ಲ. ಯಾಕೆಂದರೆ ಆ ಬೀದಿಯ ಅತಿ ದೊಡ್ಡ ಸದ್ದು ತರಕಾರಿ ಗಾಡಿಯವನ ಮೈಕಲ್ಲ, ನೆತ್ತಿಯ ಮೇಲೆ ಹಾರುವ ವಿಮಾನವೂ ಅಲ್ಲ. ಸಾಕ್ಷಾತ್ ನಮ್ಮ ಮಾವನವರ ಗಂಟಲು! ಅವರು ಮಹಡಿಯ ಮೇಲೆ ನಿಂತು “ಪೇಪರ್ ಬಂತಾ?” ಎಂದು ಕೇಳಿದರೆ ಹಿಂದಿನ ಬೀದಿಯವರು “ಬಂತು ಸಾರ್” ಎಂದು ಉತ್ತರ ಕೊಡುತ್ತಾರೆ.

ನನ್ನನ್ನು ನೋಡಲು ಅವರು ಮಗನನ್ನು ಕರೆದುಕೊಂಡು ಹಲಸೂರಿನ ನಮ್ಮ ಮನೆಗೆ ಬಂದಿದ್ದರು. ನನ್ನ ಅಪ್ಪ ಮರ್ಯಾದೆಗೆಂದು “ತಾವು ಏನು ಕೆಲಸದಲ್ಲಿದೀರಿ?” ಎಂದು ಕೇಳಿದರು.

“ಅದು ಗುಟ್ಟು! ಹೇಳೋ ಹಾಗಿಲ್ಲ!” ಎಂದು ಮಾವನವರು ಗುಡುಗಿದರು.

ಗುಟ್ಟಿದೆ ಎಂಬ ಸಂಗತಿ ಮಾರ್ಕೆಟ್ಟಿನ ತುದಿಯವರೆಗೂ ಮುಟ್ಟಿತು. ಕಾಫಿ ತಟ್ಟೆ ಹಿಡಿದು ಬರುತ್ತಿದ್ದ ನಾನು ಬೆಚ್ಚಿಬಿದ್ದು ಒಂದು ಲೋಟ ಕಾಫಿಯನ್ನು ಹುಡುಗನ ಪ್ಯಾಂಟಿನ ಮೇಲೆ ಸುರಿದೆ. ಹುಡುಗ ಕಮಕ್ ಕಿಮಕ್ ಎನ್ನಲಿಲ್ಲ. ಇಂಥ ಮನೆಯಲ್ಲಿ ಬೆಳೆದವನಿಗೆ ತಾಳ್ಮೆ ಇದ್ದೇ ಇರುತ್ತದೆ ಎಂದು ಅಪ್ಪ ಅಲ್ಲೇ ಮನಸ್ಸು ಮಾಡಿಬಿಟ್ಟರು!

ಆಗ ನನ್ನ ದನಿ ಎಷ್ಟು ಸಣ್ಣದಿತ್ತು ಗೊತ್ತೇ? ಶಾಲೆಯಲ್ಲಿ ಹಾಜರಿ ಕೂಗಿದಾಗ ನಾನು ಕೊಟ್ಟ ಉತ್ತರ ಟೀಚರಿಗೆ ಕೇಳಿಸದೆ, ಎದುರಿಗೇ ಕೂತಿದ್ದರೂ ಗೈರುಹಾಜರಿ ಬೀಳುತ್ತಿತ್ತು. ಈಗ ಫೋನಿನಲ್ಲಿ “ಅಮ್ಮಾ, ಊಟ ಆಯ್ತಾ?” ಎಂದರೆ ನನ್ನ ತಾಯಿ “ಯಾರ ಜೊತೆನೇ ಜಗಳ?” ಎಂದು ಗಾಬರಿಯಾಗುತ್ತಾಳೆ. ಮಾವನವರ ಮನೆಯಲ್ಲಿ ಮೆಲ್ಲಗೆ ಮಾತಾಡಿ ಯಾರಿಗೆ ಏನು ಪ್ರಯೋಜನ? ಒಂದು ಮಾತನ್ನು ಮೂರು ಸಲ ಹೇಳುವ ಬದಲು ಒಂದೇ ಸಲ ಕಿರುಚುವುದು ಸುಲಭ ಎಂದು ನಾನು ಸೇರಿದ ಹೊಸತರಲ್ಲೇ ಕಲಿತೆ.

ಗುಟ್ಟು ಬಯಲಾದದ್ದು ಅವರು ನಿವೃತ್ತರಾದ ಮೇಲೆ. ಅದೂ ಬಾಗಿಲು ಹಾಕಿ, ಕಿಟಕಿ ಹಾಕಿ. “ಬಂದೂಕು ಢಂ ಅನ್ನುತ್ತಲ್ಲಮ್ಮಾ, ಆ ಢಂ ಕಮ್ಮಿ ಮಾಡೋದು ನಮ್ಮ ಕೆಲಸ. ಮುಂದುಗಡೆ ಬೆಂಕಿ ಕಾಣ್ಬಾರ್ದು, ಹಿಂದುಗಡೆ ಭುಜಕ್ಕೆ ಒದೀಬಾರ್ದು. ಇದಕ್ಕಿಂತ ಹೆಚ್ಚು ಹೇಳೋ ಹಾಗಿಲ್ಲ!”

ಅತ್ತೆ ಹುರುಳಿಕಾಯಿ ಮುರಿಯುತ್ತಾ, “ಅಂದ್ರೆ ಗುಂಡು ಹಾರ್ಸಿದ್ದು ಹಾರ್ಸಿದವನಿಗೇ ಗೊತ್ತಾಗ್ಬಾರ್ದು ಅನ್ನಿ” ಎಂದರು. ಜೀವಮಾನದ ಸಾಧನೆಯನ್ನು ಇಷ್ಟು ಚೊಕ್ಕವಾಗಿ ಯಾರೂ ಹೇಳಿರಲಿಲ್ಲವೆಂದು ಕಾಣುತ್ತದೆ. ಮಾವನವರು ಸಂತೋಷಪಟ್ಟರು.

ನಿವೃತ್ತಿ ಆಫೀಸಿಗೆ, ಕೆಲಸಕ್ಕಲ್ಲವಲ್ಲ! ಬಂದೂಕು ಕೈತಪ್ಪಿದ ಮಾವನವರ ಕಣ್ಣು ಮೊದಲು ಬಿದ್ದದ್ದು ಕುಕ್ಕರಿನ ಮೇಲೆ. ತಗಡು ಕತ್ತರಿಸಿ, ಒಳಗೆ ಸಣ್ಣ ಸಣ್ಣ ಕೋಣೆಗಳಿರುವ ಒಂದು ಗೂಡು ಮಾಡಿ, ಒಲೆಯ ಮೇಲೆ ಸರಪಳಿಯಿಂದ ನೇತುಹಾಕಿದರು. ಕುಕ್ಕರಿನ ಹಬೆ ಅದರೊಳಗೆ ಹೊಕ್ಕು ಕಿಟಕಿಯಾಚೆ ಹೋಗಬೇಕು.

“ಒತ್ತಡಾನ ಯಾವತ್ತೂ ತಡೀಬಾರ್ದಮ್ಮಾ! ತಡೆದ್ರೆ ಸಿಡಿಯುತ್ತೆ. ಅದಕ್ಕೆ ಉದ್ದದ ದಾರಿ ಕೊಡ್ಬೇಕು. ಈ ಕೋಣೆಯಿಂದ ಆ ಕೋಣೆಗೆ, ಆ ಕೋಣೆಯಿಂದ ಇನ್ನೊಂದಕ್ಕೆ ಅಲೆದಾಡಿಸ್ಬೇಕು. ಅಲೆದು ಅಲೆದು ಹೊರಗೆ ಬರೋ ಹೊತ್ತಿಗೆ ಅದಕ್ಕೆ ಕೂಗೋಕೆ ಶಕ್ತಿ ಇರಲ್ಲ!”

“ನಿಮ್ಮ ಸರಕಾರಿ ಆಫೀಸಿಗೆ ಹೋದ ಜನರ ಗತಿನೂ ಇದೇ ಅಲ್ವೇನ್ರೀ?” ಎಂದರು ಅತ್ತೆ.

ಗೂಡು ಕೆಲಸ ಮಾಡಿತೇ? ಮಾಡಿತು! ಅಷ್ಟು ಚೆನ್ನಾಗಿ ಮಾಡಿತು ಎಂಬುದೇ ತೊಂದರೆ. ಬೇಳೆಗೆ ಮೂರು ಕೂಗು, ಕಡಲೆಕಾಳಿಗೆ ಆರು ಎಂದು ಅಡುಗೆ ಕಲಿತ ಹೆಂಗಸರು ನಾವು. ಕೂಗೇ ಇಲ್ಲದ ಕುಕ್ಕರಿನ ಮುಂದೆ ನಾವಾದರೂ ಏನು ಮಾಡಬೇಕು? ಟೀವಿ ನೋಡುತ್ತಾ ಮೊದಲ ಕೂಗಿಗೆ ಕಾದೆವು. ಧಾರಾವಾಹಿ ಮುಗಿಯಿತು, ವಾರ್ತೆ ಶುರುವಾಯಿತು, ಅಡುಗೆಮನೆಯಿಂದ ಹೊಗೆ ಬಂತು. ಬೇಳೆ ಇದ್ದಿಲಾಗಿತ್ತು. ಮಾವನವರು ಕುಕ್ಕರಿನ ಕಡೆ ತಿರುಗಿಯೂ ನೋಡದೆ “ಕೂಗ್ಲಿಲ್ಲ ತಾನೇ? ಸಕ್ಸಸ್!” ಎಂದು ಕೈ ಕುಲುಕಲು ಬಂದರು.

ಬೆಂಕಿ ಕಾಣಬಾರದೆಂಬ ತತ್ವವನ್ನು ಅವರು ಕುಕ್ ಟೌನಿನಲ್ಲಿ ನಡೆದ ಒಂದು ಮದುವೆಯಲ್ಲಿ ಪ್ರಯೋಗಿಸಿದರು. ಫೋಟೋ ತೆಗೆಯುವವನ ಹಿಂದೆ ನಿಂತು, “ಅಷ್ಟು ಜೋರಾಗಿ ಫ್ಲಾಶ್ ಹೊಡೀಬೇಡಪ್ಪಾ! ನೀನೆಲ್ಲಿದೀಯ ಅಂತ ವೈರಿಗೆ ಗೊತ್ತಾಗ್ಬಿಡುತ್ತೆ!” ಎಂದರು. ಅವನು ತಬ್ಬಿಬ್ಬಾಗಿ “ಮದುವೆ ಮನೇಲಿ ವೈರಿ ಯಾರಿದಾರೆ ಸಾರ್?” ಎಂದ. ಪಕ್ಕದಲ್ಲಿದ್ದ ಅತ್ತೆ, “ಇವತ್ತು ಯಾರೂ ಇಲ್ಲ. ಬೀಗರು ನಾಳೆಯಿಂದ ಶುರು ಮಾಡ್ತಾರೆ” ಎಂದರು.

ಇನ್ನು ಒದೆತ. ನಮ್ಮ ಬಟ್ಟೆ ಒಗೆಯುವ ಯಂತ್ರ ಹಿಂಡುವ ಹೊತ್ತಿನಲ್ಲಿ ಬಚ್ಚಲಿನಿಂದ ಹೊರಟು ನಡುಮನೆಯವರೆಗೆ ನಡೆದು ಬರುತ್ತಿತ್ತು. ಮಾವನವರು ಅದರ ಕಾಲಡಿಗೆ ಸ್ಪ್ರಿಂಗು, ರಬ್ಬರು ಇಟ್ಟು ನಿಂತಲ್ಲೇ ನಿಲ್ಲಿಸಿದರು. ನಾನು ಗಂಡನ ಮೇಲೆ ರೇಗಿದಾಗಲೂ ಅದೇ ಶಾಸ್ತ್ರ: “ಏನನ್ನ ಮುಂದಕ್ಕೆ ಎಸೆದ್ರೂ ಅಷ್ಟೇ ಜೋರಾಗಿ ಹಿಂದಕ್ಕೆ ಒದೆಯುತ್ತಮ್ಮಾ, ಮಾತೂ ಹಂಗೇ. ನಡುವೆ ಒಂದು ಸ್ಪ್ರಿಂಗ್ ಇಟ್ಕೋ.” ಸ್ಪ್ರಿಂಗ್ ಎಲ್ಲಿ ಸಿಗುತ್ತದೆ ಎಂದು ಮಾತ್ರ ಹೇಳಲಿಲ್ಲ. ಅದೂ ಗುಟ್ಟಿರಬೇಕು!

ಇಷ್ಟೆಲ್ಲ ನಗುವಿನ ನಡುವೆ ಒಂದು ಪೇಚು ಕಾದಿತ್ತು. ಎದುರು ಮನೆಯ ಬ್ಯಾಂಕ್ ಮ್ಯಾನೇಜರು, ಮೊಮ್ಮಗಳನ್ನು ಎತ್ತಿಕೊಳ್ಳುವ ವಯಸ್ಸಿನಲ್ಲಿ, ಒಂದು ಬುಲೆಟ್ ಬೈಕು ಕೊಂಡರು. ಅದಕ್ಕೆ ಪಟಾಕಿ ಹೊಡೆದಂತೆ ಸದ್ದು ಮಾಡುವ ಸೈಲೆನ್ಸರ್ ಬೇರೆ. ಮಾವನವರು ಅವರನ್ನು ಕರೆದು, ಫಿಲ್ಟರ್ ಕಾಫಿ ಕೊಟ್ಟು, ಒಪ್ಪಿಸಿ, ಶಿವಾಜಿನಗರದ ತಮ್ಮ ಹಳೆಯ ಗೆಳೆಯನ ಅಂಗಡಿಗೆ ಎಳೆದೊಯ್ದರು. ನಾನು ರಸೆಲ್ ಮಾರ್ಕೆಟ್ಟಿಗೆ ಹೋಗುವವಳು, ಜೊತೆಗೆ ಹೋದೆ.

ಆ ಅಂಗಡಿಯ ಭಾಯ್ ಗಾಡಿ ಬಿಡಿಭಾಗಗಳ ವ್ಯಾಪಾರಿ. ನಮ್ಮನ್ನು ಕಂಡೊಡನೆ ಕೈ ಮುಗಿದರು. “ಕ್ಯಾ ಸಾಬ್, ಊರಿನ ಹುಡುಗ್ರೆಲ್ಲ ಸದ್ದು ಬೇಕು ಅಂತ ಬರ್ತಾರೆ, ನೀವೊಬ್ರು ಸದ್ದು ಬೇಡ ಅಂತ ಬರ್ತೀರ! ನಿಮ್ ಮಾತು ಕೇಳಿದ್ರೆ ನಾನು ಅಂಗಡಿ ಮುಚ್ಕೊಂಡು ಹೋಗ್ಬೇಕು!”

“ಮುಚ್ಚು! ಅದೂ ಸದ್ದಿಲ್ಲದೆ ಮುಚ್ಚು!” ಎಂದರು ಮಾವನವರು. ಇಬ್ಬರೂ ನಕ್ಕು, ಚಹಾ ತರಿಸಿಕೊಂಡು, ತೂತು ತೂತಿನ ಒಂದು ಕೊಳವೆಯನ್ನು ಬೈಕಿನ ಸೈಲೆನ್ಸರಿನೊಳಗೆ ಕೂರಿಸಿದರು. ಬುಲೆಟ್ ಬೆಕ್ಕಿನಂತೆ ಗುರುಗುಟ್ಟುತ್ತಾ ಮನೆಗೆ ಬಂತು. ಮಾವನವರು ಆ ದಿನ ಎರಡು ಹೋಳಿಗೆ ಹೆಚ್ಚಿಗೆ ತಿಂದರು.

ಸ್ವಲ್ಪ ದಿನದಲ್ಲಿ ಮ್ಯಾನೇಜರಿಗೆ ಬೇಸರ ಬಂತು. ಗತ್ತಿಗೆಂದು ಕೊಂಡ ಗಾಡಿ, ಗತ್ತೇ ಇಲ್ಲ! ಯಾರಿಗೂ ಹೇಳದೆ ಕೊಳವೆ ಕಿತ್ತು ಮನೆಯಲ್ಲಿಟ್ಟರು. ಮರುದಿನ ಬೆಳಿಗ್ಗೆ ಬುಲೆಟ್ ಸಿಡಿದದ್ದಕ್ಕೆ ಹೊಂಗೆ ಮರದ ಕಾಗೆಗಳೆಲ್ಲ ಎದ್ದು ಹಾರಿದವು. ಗೇಟಿನಲ್ಲಿ ನಿಂತಿದ್ದ ಮಾವನವರು ಮಾತ್ರ ನನ್ನ ಕಡೆ ತಿರುಗಿ, ಮುಖ ಅರಳಿಸಿ, “ಕೇಳಿಸ್ತಾ? ಒಂಚೂರೂ ಸದ್ದಿಲ್ಲ!” ಎಂದರು.

ಮ್ಯಾನೇಜರು ತಲೆ ತಗ್ಗಿಸಿದರು. ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು, ನಗುವಿಗಲ್ಲ. ಮಾವನವರಿಗೆ ಕಿವಿ ಮಂದ ಎಂಬುದು ನಮಗೆ ತಿಳಿದೇ ಇತ್ತು. ಇಷ್ಟು ದೂರ ಹೋಗಿದೆ ಎಂದು ತಿಳಿದಿರಲಿಲ್ಲ.

ಕಿವಿ ತೋರಿಸೋಣ ಎಂದರೆ ಮಾವನವರು ಸಿಡಿದೆದ್ದರು. “ನನ್ ಕಿವಿಗೇನಾಗಿದೆ? ನಾನು ಎಲ್ಲಾನೂ ಸೈಲೆಂಟ್ ಮಾಡಿದೀನಿ, ಅದಕ್ಕೇ ಕೇಳಿಸ್ತಿಲ್ಲ!” ಇದಕ್ಕೆ ಏನು ಹೇಳುತ್ತೀರಿ? ಕೊನೆಗೆ ನಾನೇ ಒಂದು ಉಪಾಯ ಮಾಡಿ, “ಮಾವಾ, ಕಿವಿ ಪರೀಕ್ಷೆ ಅಲ್ಲ, ಕ್ಯಾಲಿಬ್ರೇಶನ್ ಅಷ್ಟೇ!” ಎಂದು ಕಿರುಚಿದೆ. ಅವರು ಥಟ್ಟನೆ ಚಪ್ಪಲಿ ಮೆಟ್ಟಿದರು. ಉಪಕರಣಗಳನ್ನು ಆಗಾಗ ಸರಿನೋಡಬೇಕು ಎಂಬ ವಿಷಯದಲ್ಲಿ ಅವರದು ಎರಡು ಮಾತಿಲ್ಲ.

ಇಂದಿರಾನಗರದ ಆ ಕಿವಿ ಡಾಕ್ಟರಮ್ಮನ ಕೋಣೆ ಗಾಳಿಯೂ ಸದ್ದು ಮಾಡದಂಥದು. ಮಾವನವರು ಒಳಗೆ ಕೂತು, ಸದ್ದು ಕೇಳಿದಾಗ ಗುಂಡಿ ಒತ್ತುವುದು ಬಿಟ್ಟು, ಗೋಡೆಯ ಸ್ಪಂಜನ್ನು ತಡವಿ “ಬಹಳ ಚೆನ್ನಾಗಿ ಮಾಡಿದಾರೆ!” ಎಂದು ಸರ್ಟಿಫಿಕೇಟು ಕೊಡುತ್ತಿದ್ದರು. ಪರೀಕ್ಷೆ ಮುಗಿದ ಮೇಲೆ ಡಾಕ್ಟರಮ್ಮ, “ಎಡಗಿವಿ ಬಹಳ ವರ್ಷದ ಹಿಂದೆನೇ ಹೋಗಿದೆಯಲ್ಲ ಸಾರ್. ಕೆಲಸದ ಜಾಗದಲ್ಲಿ ಕಿವಿಗೆ ಹಾಕೋಕೆ ಏನೂ ಕೊಟ್ಟಿರ್ಲಿಲ್ವಾ?” ಎಂದು ಜೋರಾಗಿ ಕೇಳಿದರು.

“ಕೊಟ್ಟಿದ್ರು. ಎಲ್ರೂ ಹಾಕ್ಕೋಬೇಕು ಅಂತ ಕಟ್ಟುನಿಟ್ಟು. ನಾನೇ ಎಡಗಡೇದು ಸರಿಸ್ಕೋತಿದ್ದೆ. ಮೀಟರು ಸದ್ದು ಎಷ್ಟು ಅಂತ ಹೇಳುತ್ತೆ ಡಾಕ್ಟ್ರೇ, ಹೇಗಿದೆ ಅಂತ ಹೇಳಲ್ಲ. ಗಡಿ ಮೇಲೆ ಬಂದೂಕು ಹಿಡಿಯೋ ಹುಡುಗನ ಕಿವಿಗೆ ಅದು ಹೇಗೆ ಬಡಿಯುತ್ತೆ ಅಂತ ಗೊತ್ತಾಗೋದು ಬೇಡ್ವಾ? ಅದಕ್ಕೆ ಒಂದು ಕಿವಿ ಕೊಟ್ಟೆ. ಇನ್ನೊಂದು ಇಟ್ಕೊಂಡಿದ್ದೆ, ಇವಳ ಬೈಗುಳ ಕೇಳೋಕೆ!” ಎಂದು ಅತ್ತೆಯನ್ನು ತೋರಿಸಿದರು.

ಅದು ತಪ್ಪು, ಯಾರೂ ಹಾಗೆ ಮಾಡಬಾರದು ಎಂದು ಡಾಕ್ಟರಮ್ಮ ಬೈದರು. ಬೈಯಬೇಕಾದದ್ದೇ. ನನಗೆ ಮಾತ್ರ ಆ ಕ್ಷಣ ಎದೆ ಉಬ್ಬಿತು. ಬೀದಿಗೆಲ್ಲ ನಗೆಪಾಟಲಾದ ಈ ಗಂಟಲಿನ ಹಿಂದೆ ಇಂಥದೊಂದು ಕಥೆಯಿದೆ ಎಂದು ಮಾರ್ಕೆಟ್ಟಿನ ತುದಿಯವರೆಗೂ ಕೇಳುವಂತೆ ಕೂಗಿ ಹೇಳಬೇಕೆನಿಸಿತು. ಕೂಗುವುದನ್ನು ಅವರೇ ಕಲಿಸಿದ್ದರಲ್ಲ!

ಶ್ರವಣಯಂತ್ರ ಬರುವ ದಿನ ಗೊತ್ತಾಯಿತು. ಈಗ ನಮಗೆ ಇನ್ನೊಂದು ದಿಗಿಲು: ಯಂತ್ರ ಹಾಕಿಕೊಂಡು ಬಂದವರಿಗೆ ಮೊದಲು ಕೇಳಿಸುವುದೇ ಆ ಬುಲೆಟ್ಟಿನ ಆರ್ಭಟವಾದರೆ? ಇಷ್ಟು ದಿನ ಮಾಡಿದ್ದೆಲ್ಲ ಸುಳ್ಳಾಯಿತು ಎಂದುಕೊಂಡು ಈ ಮನುಷ್ಯ ಮೂಲೆ ಹಿಡಿದು ಕೂತರೆ? ಅತ್ತೆ ಸೇನಾಧಿಪತಿಯಂತೆ ಆಜ್ಞೆ ಹೊರಡಿಸಿದರು. ಬೇಳೆ ತೆರೆದ ಪಾತ್ರೆಯಲ್ಲಿ ಬೇಯಬೇಕು. ಮಿಕ್ಸಿ ಮುಟ್ಟಬಾರದು. ಬಾಗಿಲುಗಳಿಗೆ ಬಟ್ಟೆ ಸಿಕ್ಕಿಸಬೇಕು. ಮ್ಯಾನೇಜರು ಕೊಳವೆಯನ್ನು ಎಲ್ಲಿಟ್ಟೆನೆಂದು ಮರೆತು ಮನೆಯೆಲ್ಲ ಜಾಲಾಡಿದರು, ಸಿಗಲಿಲ್ಲ. ಕೊನೆಗೆ ಬೀದಿಯ ತಿರುವಿನವರೆಗೆ ಗಾಡಿಯನ್ನು ತಳ್ಳಿಕೊಂಡೇ ಹೋಗುವುದಾಗಿ ಮಾತು ಕೊಟ್ಟರು.

ಯಂತ್ರ ಹಾಕಿಸಿಕೊಂಡು ಮಾವನವರು ಆಟೋ ಇಳಿದು ಗೇಟಿನಲ್ಲಿ ನಿಂತರು. ಕಿವಿಗೊಟ್ಟರು. ನಮ್ಮ ಬೀದಿ ಹುಟ್ಟಿದಾಗಿನಿಂದ ಅಷ್ಟು ಮೌನವಾಗಿ ಇದ್ದದ್ದಿಲ್ಲ.

“ಇದೇನು, ಯಾರಾದ್ರೂ ಹೋಗಿಬಿಟ್ರಾ?” ಎಂದರು. ಅಷ್ಟರಲ್ಲಿ ಬೆವರು ಸುರಿಸುತ್ತಾ ಬುಲೆಟ್ ತಳ್ಳುತ್ತಿದ್ದ ಮ್ಯಾನೇಜರು ಕಣ್ಣಿಗೆ ಬಿದ್ದರು. “ಯಾಕ್ರೀ ತಳ್ತಿದೀರ? ಸ್ಟಾರ್ಟ್ ಮಾಡಿ!”

“ಬೇಡ ಸಾರ್, ವ್ಯಾಯಾಮ.”

“ಮಾಡಿ ಅಂದೆ!”

ಮ್ಯಾನೇಜರು ದೇವರ ಮೇಲೆ ಭಾರ ಹಾಕಿ ಗುಂಡಿ ಒತ್ತಿದರು. ಭಡ್ ಭಡ್ ಭಡ್! ನಾನು ಕಣ್ಣು ಮುಚ್ಚಿಕೊಂಡೆ. ಅತ್ತೆ ನನ್ನ ಕೈ ಹಿಡಿದುಕೊಂಡರು.

“ನನ್ ಕೊಳವೆ ಕಿತ್ತಾಕಿದೀರ ನೀವು!” ಎಂದು ಮಾವನವರು ಕುಣಿದಾಡುವಂತೆ ನಕ್ಕರು. “ಖಾಲಿ ಡಬ್ಬ ಹೊಡ್ಕೋತಿದೆ, ಕೇಳಿಸ್ತಿದೆ ನನಗೆ! ನಾನು ಮಾಡಿದ್ದು ಹಾಳಾಗಿರೋದಲ್ಲ, ಒಳಗೆ ಅದು ಇಲ್ಲವೇ ಇಲ್ಲ!”

ಎರಡು ಸದ್ದು ಕೇಳಿದ್ದೇ ತಡ, ಗಾಡಿಯ ರೋಗ ಕಂಡುಹಿಡಿದುಬಿಟ್ಟರು ನೋಡಿ! ಆ ಹೆಮ್ಮೆಯಲ್ಲೇ ನಾನು ರೂಢಿಯಂತೆ ಬಾಗಿಲಿಗೆ ಹೋಗಿ ಅಲ್ಲಿಂದಲೇ ಕಿರುಚಿದೆ: “ಮಾವಾ! ಕಾಫಿ ಕೊಡ್ಲಾ!”

ಅವರು ಕಿವಿಯ ಮೇಲೆ ಕೈಯಿಟ್ಟು ಬೆಚ್ಚಿದರು. ನನ್ನನ್ನೇ ನೋಡಿ, ತಮ್ಮ ದನಿಗೆ ತಾವೇ ಅಂಜಿದವರಂತೆ ಮೆಲ್ಲಗೆ ಕೇಳಿದರು. “ನಿನ್ನ ದನಿನೇ ಇಷ್ಟು ಜೋರಾ ಅಮ್ಮಾ?”

“ಅವಳ ದನಿ ಅಲ್ಲ ರೀ ಅದು” ಎಂದರು ಅತ್ತೆ. “ನಿಮಗೋಸ್ಕರ ಮಾಡ್ಕೊಂಡಿರೋದು. ನಮ್ಮನೆಗೆ ಬಂದಾಗ ಗುಬ್ಬಚ್ಚಿ ಹಾಗೆ ಮಾತಾಡ್ತಿದ್ಲು.”

ಮಾವನವರು ಜಗಲಿಯ ಮೇಲೆ ಕೂತರು. “ಹಾಗಾದ್ರೆ ನಮ್ಮನೆ ಸೊಸೆ ದನಿ ನಾನು ಇನ್ನೂ ಕೇಳೇ ಇಲ್ಲ. ಎಲ್ಲಿ, ಒಂದ್ಸಲ ಕೇಳಮ್ಮಾ” ಎಂದರು.

ಕೇಳೋಣವೆಂದರೆ ದನಿ ಎಲ್ಲಿದೆ? ಹತ್ತಿರ ಹೋಗಿ, ಹಾಜರಿ ಹೇಳುವ ಹುಡುಗಿಯಷ್ಟೇ ಸಣ್ಣಗೆ, “ಮಾವ, ಕಾಫಿ ಕೊಡ್ಲಾ?” ಎಂದೆ.

“ಕೊಡಮ್ಮಾ” ಎಂದರು. ಒಂದೇ ಸಲಕ್ಕೆ ಕೇಳಿಸಿತ್ತು.