ಎರರ್ ಬಂದ ಪ್ರಯುಕ್ತ

ಹಂಪಾಪುರದ ಹೊನ್ನಾರು ಬಿತ್ತನೆ ಬೀಜ ಸಂಘಕ್ಕೆ ಕಂಪ್ಯೂಟರ್ ಬಂದ ವರ್ಷ ಬೀಜಕ್ಕೆ ಕೊರತೆ ಎಂಬುದೇ ಇರಲಿಲ್ಲ. ಬೀಜವೆಲ್ಲ ಗೋದಾಮಿನಲ್ಲೇ ಇತ್ತು. ಕಂಪ್ಯೂಟರ್ ಚೀಟಿ ಇಲ್ಲದೆ ಒಂದು ಕಾಳನ್ನೂ ಹೊರಗೆ ಬಿಡತಕ್ಕದ್ದಲ್ಲ ಎಂದು ಎರಡು ಸಾವಿರದ ಒಂದನೇ ಇಸವಿಯ ಮುಂಗಾರಿಗೆ ಮೊದಲೇ ಆಡಳಿತ ಮಂಡಳಿ ಠರಾವು ಮಾಡಿತ್ತು.

ಸಾಕಮ್ಮ ರಾಗಿ ಬೀಜಕ್ಕೆ ಬಂದಾಗ ಹೊಲ ಉತ್ತಾಗಿತ್ತು, ಒಳ್ಳೆ ಮಳೆಯೂ ಬಿದ್ದಿತ್ತು. ಹದ ಆರುವುದರೊಳಗೆ ಬಿತ್ತಬೇಕು. ತಪ್ಪಿದರೆ ವರ್ಷವೆಲ್ಲ ಮುದ್ದೆಗೆ ಅಂಗಡಿ ಹಿಟ್ಟೇ ಗತಿ. ಕಂಪ್ಯೂಟರ್ ಮುಂದೆ ಕೂರುವ ಪ್ರಮೀಳಾ ವಯಸ್ಸು ಕೇಳಿದಳು.

"ಐವತ್ತೋ ಅರವತ್ತೋ ಇರ್ಬೌದು ಕಣವ್ವ."

ಪ್ರಮೀಳಾ ಕೆಲಸದಲ್ಲಿ ಬಲು ಪ್ರಾಮಾಣಿಕಳು. ವಯಸ್ಸಿನ ಜಾಗದಲ್ಲಿ 'ಐವತ್ತೋ ಅರವತ್ತೋ ಇರ್ಬೌದು ಕಣವ್ವ' ಎಂದೇ ಹೊಡೆದಳು. ಕಂಪ್ಯೂಟರ್ ಕುಂಯ್ ಎಂದು, 'ಎರರ್' ಎಂದು ಕೆಂಪಗೆ ಬರೆದುಕೊಂಡು ಕೂತುಬಿಟ್ಟಿತು.

ಕಾರ್ಯದರ್ಶಿ ಚನ್ನಬಸವಣ್ಣನವರು ಮೈಸೂರಿಗೆ ಫೋನ್ ಮಾಡಿದರು. ಪ್ರೋಗ್ರಾಮ್ ಬರೆದಿದ್ದ ಧರ್ಮೇಂದ್ರ ಗಾಬರಿಯಾಗಬೇಡಿ ಸಾರ್ ಎಂದ. ಎರರ್ ಬಂದರೆ ನೋಡಿಕೊಳ್ಳಲಿಕ್ಕೆಂದೇ ಪ್ರೋಗ್ರಾಮಿನೊಳಗೆ ಹೆಲ್ಪರ್ ಫಂಕ್ಷನ್ ಇದೆ, ಅದನ್ನು ಕರೆದರಾಯಿತು ಎನ್ನುವಷ್ಟರಲ್ಲಿ ಲೈನು ಕಟ್ಟಾಯಿತು. ಇದಕ್ಕಿಂತ ಹೆಚ್ಚಿನ ವಿವರಣೆ ಚನ್ನಬಸವಣ್ಣನವರಿಗೆ ಬೇಕೂ ಇರಲಿಲ್ಲ. ಸಂಘದಲ್ಲಿ ಮೂಟೆ ಹೊರುವ ಹೆಲ್ಪರ್ ಇದ್ದವನು ಒಬ್ಬನೇ, ಕುಳ್ಳಯ್ಯ. ಫಂಕ್ಷನ್ ಎಂದರೆ ಶಾಮಿಯಾನ, ಮೈಕು, ಊಟ. ಸಂಜೆಯೊಳಗೆ ಆಹ್ವಾನ ಹೊರಟಿತು:

"ಎರರ್ ಬಂದ ಪ್ರಯುಕ್ತ ನಾಳೆ ನಮ್ಮ ಹೆಲ್ಪರ್‌ರವರಿಗೆ ಫಂಕ್ಷನ್ ಇಟ್ಟುಕೊಳ್ಳಲಾಗಿದ್ದು, ತಾವು ಸಕುಟುಂಬ ಸಪರಿವಾರ ಸಮೇತ ಆಗಮಿಸಿ ಎರರನ್ನು ನಿವಾರಿಸಿಕೊಡಬೇಕಾಗಿ ವಿನಂತಿ."

ಕುಳ್ಳಯ್ಯನಿಗೆ ಪೇಟ ತೊಡಿಸಿ ಶಾಲು ಹೊದಿಸಿದರು. ಮೂಟೆ ಹೊತ್ತ ಅಭ್ಯಾಸಕ್ಕೆ ಅವನು ಹಾರ ಬಿದ್ದ ಕೂಡಲೇ ಬೆನ್ನು ಬಗ್ಗಿಸಿ ಗೋದಾಮಿನ ಕಡೆ ಹೊರಟ, ಹಿಡಿದು ಕೂರಿಸಬೇಕಾಯಿತು. ಮೈಕಿಗೆ ಬೇರೆ ಪ್ಲಗ್ ಇಲ್ಲದೆ ಕಂಪ್ಯೂಟರಿನದನ್ನೇ ಕಿತ್ತಿದ್ದರು. ಕೇಸರಿಬಾತ್ ಮುಗಿದ ಮೇಲೆ ಮತ್ತೆ ಸಿಕ್ಕಿಸಿ ನೋಡಿದರೆ ಎರರ್ ಮಾಯ. ಫಂಕ್ಷನ್ನಿನ ಮಹಿಮೆಯನ್ನು ಸಭೆ ಚಪ್ಪಾಳೆಯಿಂದ ಅಂಗೀಕರಿಸಿತು.

ಸಾಕಮ್ಮ ಸೆರಗಿಗೆ ಕೈ ಒರೆಸಿಕೊಂಡು ಕಿಟಕಿಗೆ ಬಂದಳು. ಪ್ರಮೀಳಾ ವಯಸ್ಸು ಕೇಳಿದಳು. ರಾತ್ರಿ ಬೆಳಗಾಗುವುದರಲ್ಲಿ ಬದಲಾಗುವಂಥ ವಯಸ್ಸು ಸಾಕಮ್ಮನದಾಗಿರಲಿಲ್ಲ, ಅದನ್ನೇ ಹೇಳಿದಳು. ಮತ್ತೆ ಎರರ್, ಮತ್ತೆ ಶಾಮಿಯಾನ. ಈ ಸಲ ಬಾದಾಮಿ ಹಾಲೂ ಇತ್ತು. ಬೀಜ ಬೇಡದವರೂ ಬಂದರು, ಹಾರನಹಳ್ಳಿಯಿಂದ ಅವರ ಬೀಗರೂ ಬಂದರು.

ಅತ್ತ ಹೊಲದ ಮಣ್ಣು ಬೆಳ್ಳಗಾಗತೊಡಗಿತ್ತು. ಸಾಕಮ್ಮ ಮೂರನೆಯ ಸಲ ಕಿಟಕಿಗೆ ಬಂದವಳೇ, "ಐವತ್ತೆಂಟು ಅಂತ ಬರ್ಕೊ ಅತ್ಲಾಗೆ" ಎಂದಳು. ಪ್ರಮೀಳಾ 58 ಎಂದು ಹೊಡೆದಳು, ಚೀಟಿ ಚಿರ್ರನೆ ಹೊರಬಂತು.

ಹೊರಗೆ ಅಡುಗೆ ಭಟ್ಟರು ಆಗಲೇ ರವೆ ಹುರಿದಾಗಿತ್ತು. ಪಂಕ್ತಿಯಲ್ಲಿ ಕೂತಿದ್ದವರ ಮುಖ ಬಾಡಿತು. ಚನ್ನಬಸವಣ್ಣನವರು ತಾವೇ ಎದ್ದು ಬಂದು, ಎರರ್ ಬರದೆ ಬಂದ ಚೀಟಿ ಫಂಕ್ಷನ್ನಿನ ನಿಯಮಕ್ಕೆ ವಿರುದ್ಧವೆಂದು ಅದನ್ನು ಹರಿದರು. ಆಮೇಲೆ ದನಿ ತಗ್ಗಿಸಿದರು. "ಇದೇನ್ ಸಾಕಮ್ಮ, ಇಂಗ್ ಮಾಡ್ಬುಟ್ರಿ? ನಿಮ್ಮನ್ನೇ ನಂಬ್ಕೊಂಡು ಶಾಮಿಯಾನ ಆಕ್ಸಿದ್ದೀನಿ ಕಣ್ರೀ."

ಸಾಕಮ್ಮ ಪಂಕ್ತಿ ನೋಡಿದಳು, ಗೋದಾಮು ನೋಡಿದಳು. "ಬೀಜ ಮೊದ್ಲು ಕೊಡಿ ಸಾಮಿ. ಆಮೇಕೆ ನಿಮ್ಗೆ ಎಷ್ಟ್ ಬೇಕೋ ಅಷ್ಟ್ ಎರರ್ ಮಾಡ್ಕೊಡ್ತೀನಿ."

ಪೇಟ ತೊಟ್ಟಿದ್ದ ಕುಳ್ಳಯ್ಯ ಗೋದಾಮಿನ ಹಿಂಬಾಗಿಲು ತೆಗೆದು, ಕಂಪ್ಯೂಟರ್ ಬರುವ ಮೊದಲು ಕೊಡುತ್ತಿದ್ದ ಹಾಗೆಯೇ ಬೀಜದ ಚೀಲ ಕೊಟ್ಟ. ಸಾಕಮ್ಮ ಅಂದೇ ಬಿತ್ತಿದಳು.

ಅಂದಿನಿಂದ ಹಿಂಬಾಗಿಲಲ್ಲಿ ಬೀಜ, ಮುಂಬಾಗಿಲಲ್ಲಿ ಎರರ್; ಎರಡೂ ನಿಲ್ಲದೆ ವಿತರಣೆಯಾಗತೊಡಗಿದವು. ರಾಗಿ ತೆನೆ ಕಟ್ಟುವ ಹೊತ್ತಿಗೆ ಧರ್ಮೇಂದ್ರ ತಪಾಸಣೆಗೆ ಬಂದ. ಹೆಲ್ಪರ್ ಫಂಕ್ಷನ್ ಸರಿಯಾಗಿ ನಡೆಯುತ್ತಿದೆಯೇ ಎಂದು ಕೇಳಿದ. ಚನ್ನಬಸವಣ್ಣನವರು ಅವನನ್ನು ವೇದಿಕೆಗೆ ಕರೆದೊಯ್ದು ಕುಳ್ಳಯ್ಯನ ಪಕ್ಕ ಕೂರಿಸಿ ಹಾರ ಹಾಕಿದರು. ಅವನು ಕೇಸರಿಬಾತನ್ನು ಎರಡು ಸಲ ಹಾಕಿಸಿಕೊಂಡು, ಇಷ್ಟು ಚೆನ್ನಾಗಿ ನಡೆಯುವ ಫಂಕ್ಷನ್ನನ್ನು ತಾನು ಮೈಸೂರಿನಲ್ಲೂ ಕಂಡಿಲ್ಲ ಎಂದು ವರದಿ ಬರೆದು ಸಹಿ ಮಾಡಿದ.

ಸಾಕಮ್ಮ ಕೈ ತೊಳೆದು ಕಿಟಕಿಯ ಹತ್ತಿರ ಬಂದಳು.

"ಮುಂದ್ಲ ಸಲ ವಯಸ್ಸು ಎಷ್ಟ್ ಅಂತ ಏಳ್ಲಿ ಪ್ರಮೀಳವ್ವ, ಚಿರೋಟಿ ಬರಂಗೆ?"